ಏಟು ತಾಳುವ ಹಾಡಿನ ಪೆಟ್ಟಿಗೆ: ಮುಷ್ಟಿಯಿಂದಲೇ ನುಡಿಸಿಕೊಳ್ಳುವ ತಮ್ಮನಿಗೆ ಎಂಥ ಪ್ಲೇಯರ್ ಕಟ್ಟಬೇಕು?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇದೆ, ಬುದ್ಧಿಯ ಬೆಳವಣಿಗೆಯೂ ಕುಂಠಿತವಾಗಿದೆ, ಮಾತು ಬರುವುದಿಲ್ಲ. ಬಲಗೈ ಸ್ವಾಧೀನದಲ್ಲಿಲ್ಲ. ಎಡಗೈ ಸದಾ ಮುಷ್ಟಿ ಬಿಗಿದಿರುತ್ತದೆ, ಆದರೆ ತೋಳಿನಲ್ಲಿ ಬಲ ಬಹಳ. ಹಳೆಯ ಚಿತ್ರಗೀತೆ, ದಾಸರ ಪದ ಎಂದರೆ ಅವನಿಗೆ ಪ್ರಾಣ. ಮೊಬೈಲು, ರೇಡಿಯೋ, ಬ್ಲೂಟೂತ್ ಸ್ಪೀಕರು ಎಲ್ಲವನ್ನೂ ಕುಟ್ಟಿ, ಎಸೆದು ಮುರಿದಿದ್ದಾನೆ. ಅಮ್ಮನಿಗೆ ವಯಸ್ಸಾಗಿದೆ, ಪ್ರತಿ ಹಾಡಿಗೂ ಅವರೇ ಎದ್ದು ಬರಬೇಕು. ನನಗೆ ಸೋಲ್ಡರಿಂಗ್ ಅಲ್ಪಸ್ವಲ್ಪ ಬರುತ್ತದೆ, ಪರಿಚಯದ ಬಡಗಿಯೊಬ್ಬರಿದ್ದಾರೆ. ತಮ್ಮ ತಾನೇ ನುಡಿಸಿಕೊಳ್ಳುವಂಥ, ಬೇಗ ಮುರಿಯದ ಪ್ಲೇಯರ್ ಒಂದನ್ನು ಮಾಡಿಕೊಡಬಹುದೇ?

ಉತ್ತರ: ಮಾಡಿಕೊಡಬಹುದು. ನಿಮಗಿರುವ ಕೈಕೆಲಸವೂ ನಿಮ್ಮ ಬಡಗಿಯ ನೆರವೂ ಅದಕ್ಕೆ ಸಾಕು. ಆದರೆ ಗಟ್ಟಿ ಪೆಟ್ಟಿಗೆಯ ವಿಚಾರಕ್ಕೆ ಹೋಗುವ ಮೊದಲು, ನಿಮ್ಮ ತಮ್ಮ ಆ ವಸ್ತುಗಳನ್ನು ಯಾವ ಗಳಿಗೆಯಲ್ಲಿ ಮುರಿದರು ಎಂಬುದನ್ನು ನೀವೂ ತಾಯಿಯವರೂ ಕುಳಿತು ನೆನಪಿಸಿಕೊಳ್ಳಿ. ಹಾಡು ಚೆನ್ನಾಗಿ ಬರುತ್ತಿದ್ದಾಗಲೇ ಎಸೆದರೋ, ಅಥವಾ ಹಾಡು ನಿಂತು ಎಷ್ಟು ಒತ್ತಿದರೂ ಮತ್ತೆ ಬಾರದಿದ್ದಾಗ ಎಸೆದರೋ? ನಾನು ನೋಡಿದ ಮನೆಗಳಲ್ಲಿ ಹೆಚ್ಚಿನ ಸಲ ಎರಡನೆಯದೇ ಕಾರಣವಾಗಿರುತ್ತದೆ. ಬ್ಲೂಟೂತ್ ಸಂಪರ್ಕ ಕಡಿದುಹೋದ ಸ್ಪೀಕರು, ಪರದೆ ಆರಿದ ಮೊಬೈಲು, ಸ್ಟೇಷನ್ ಜರುಗಿ ಬರೀ ಗೊರಗೊರ ಎನ್ನುವ ರೇಡಿಯೋ, ಇವು ಕೆಟ್ಟಿಲ್ಲವೆಂದು ನಮಗೆ ಗೊತ್ತಿರುತ್ತದೆ, ಅವರಿಗೆ ಗೊತ್ತಿರುವುದಿಲ್ಲ. ಮೆಲ್ಲಗೆ ಒತ್ತಿದರೆ ಉತ್ತರ ಬರಲಿಲ್ಲ, ಜೋರಾಗಿ ಒತ್ತುತ್ತಾರೆ. ಆಗಲೂ ಬರಲಿಲ್ಲ, ಕುಟ್ಟುತ್ತಾರೆ. ಆದ್ದರಿಂದ ನಿಮ್ಮ ವಿನ್ಯಾಸದ ಮೊದಲ ನಿಯಮ ಬಾಳಿಕೆಗೆ ಸಂಬಂಧಿಸಿದ್ದಲ್ಲ. ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ ಒತ್ತಿದರೂ ತಕ್ಷಣ ಹಾಡು ಬರಬೇಕು, ಒತ್ತಿದ್ದಕ್ಕೆ ಮೌನವೇ ಉತ್ತರವಾಗುವ ಸಂದರ್ಭ ಒಂದೂ ಇರಕೂಡದು. ಇದನ್ನು ಸಾಧಿಸಿದರೆ ಪೆಟ್ಟಿಗೆ ತಾಳಬೇಕಾದ ಏಟುಗಳ ಸಂಖ್ಯೆಯೇ ಇಳಿಯುತ್ತದೆ.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದನ್ನು ಏಕೆ ಹೇಳುತ್ತಿಲ್ಲ ಎಂದು ನೀವು ಕೇಳಬಹುದು. 2017ರಲ್ಲಿ ಬಂದ ಸರೆಗಮ ಕಾರವಾನ್ ಹಿರಿಯರಿಗೆ ಅನುಕೂಲವಾಯಿತು, ಆದರೆ ಅದರ ತಿರುಗಣೆಗೆ ಬಿಡಿಸಿದ ಬೆರಳುಗಳು ಬೇಕು. ಮರೆವಿನ ಕಾಯಿಲೆಯವರಿಗಾಗಿ ಬ್ರಿಟನ್ನಿನಲ್ಲಿ ತಯಾರಾಗುವ ಒಂದು ಪ್ಲೇಯರಿನಲ್ಲಿ ಮುಚ್ಚಳ ಎತ್ತಿದರೆ ಹಾಡು ಶುರುವಾಗುತ್ತದೆ, ಮುಚ್ಚಿದರೆ ನಿಲ್ಲುತ್ತದೆ, ದೊಡ್ಡ ಗುಂಡಿ ಒತ್ತಿದರೆ ಮುಂದಿನ ಹಾಡು ಬರುತ್ತದೆ. ಯೋಚನೆ ಸೊಗಸಾಗಿದೆ, ಮುಷ್ಟಿಯಲ್ಲಿ ಮುಚ್ಚಳ ಎತ್ತುವುದು ಕಷ್ಟ. ಜರ್ಮನಿಯ ಟೋನಿಬಾಕ್ಸ್ ಬಟ್ಟೆ ಹೊದಿಸಿದ ಮೆತ್ತನೆಯ ಪೆಟ್ಟಿಗೆ, ಅದರ ಮೇಲೆ ಬೊಂಬೆ ಇಟ್ಟರೆ ಆ ಬೊಂಬೆಯ ಹಾಡು ಬರುತ್ತದೆ. ಅದು ಮಕ್ಕಳ ಕೈಯ ಏಟಿಗೆ ಮಾಡಿದ್ದು, 34 ವರ್ಷದ ತೋಳಿಗಲ್ಲ. ಅಂಗಡಿಯ ವಸ್ತು ಸಾವಿರಾರು ಜನರ ಸರಾಸರಿಗೆ ತಯಾರಾಗುತ್ತದೆ, ನಿಮಗೆ ಬೇಕಾದದ್ದು ಒಬ್ಬರ ಕೈಗೆ.

ಆ ಕೈಯನ್ನು ಮೊದಲು ಅಳೆಯಿರಿ. ರಟ್ಟಿನ ತುಂಡನ್ನು ಅವರು ಕೂರುವ ಗಾಲಿಕುರ್ಚಿಯ ತಟ್ಟೆಯ ಅಥವಾ ಮೇಜಿನ ಮೇಲೆ ಬೇರೆಬೇರೆ ಕಡೆ ಇಟ್ಟು, ಪಕ್ಕದಲ್ಲಿ ನೀವೇ ಮೊಬೈಲಿನಿಂದ ಹಾಡು ಹಾಕುತ್ತ, ಅವರು ರಟ್ಟನ್ನು ಮುಟ್ಟಿದಾಗಲೆಲ್ಲ ಹಾಡು ಬರುವ ಹಾಗೆ ಆಟವಾಡಿ. ಕೈ ಸಲೀಸಾಗಿ ಎಲ್ಲಿಗೆ ತಲುಪುತ್ತದೆ, ಮೇಲಿನಿಂದ ಬೀಳುತ್ತದೋ ಪಕ್ಕದಿಂದ ಒರೆಸಿಕೊಂಡು ಬರುತ್ತದೋ, ಮುಟ್ಟಿದ ಮೇಲೆ ಎತ್ತಲು ಎಷ್ಟು ಹೊತ್ತು ಬೇಕಾಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಅಡುಗೆಮನೆಯ ತೂಕದ ಯಂತ್ರದ ಮೇಲೆ ಮುಷ್ಟಿ ಇಡಿಸಿದರೆ ಅವರ ಅತಿ ಮೆಲ್ಲನೆಯ ಒತ್ತು ಎಷ್ಟು ಗ್ರಾಂ ಎಂಬ ಅಂದಾಜು ಸಿಗುತ್ತದೆ, ಪೆಟ್ಟಿಗೆಯ ಗುಂಡಿ ಅದರ ಅರ್ಧಕ್ಕೇ ಕೆಲಸ ಮಾಡಬೇಕು. ಅವರನ್ನು ಬಲ್ಲ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳಿಗೆ ಕೈ-ಮೈ ಪಳಗಿಸುವ ಚಿಕಿತ್ಸಕರು) ಇದ್ದರೆ ಈ ಹಂತದಲ್ಲಿ ಒಮ್ಮೆ ಕರೆಸಿ. ಕುಳಿತ ಭಂಗಿ ಸರಿಯಿಲ್ಲದಿದ್ದರೆ ಕೈ ಎಷ್ಟು ಹತೋಟಿ ತಪ್ಪುತ್ತದೆ ಎಂಬುದು ಅವರ ಕಣ್ಣಿಗೆ ಬೀಳುವಷ್ಟು ಬೇಗ ನಮಗೆ ಕಾಣುವುದಿಲ್ಲ.

ಈಗ ಒಳಗಿನ ಯಂತ್ರ. ರಾಸ್ಪ್‌ಬೆರಿ ಪೈ ಬಳಸಿ ಎಂದು ಹಲವರು ಸಲಹೆ ಕೊಡುತ್ತಾರೆ, ನಾನು ಬೇಡವೆನ್ನುತ್ತೇನೆ. ಅದು ಒಂದು ಪೂರ್ಣ ಕಂಪ್ಯೂಟರ್. ಏಳಲು ಹತ್ತಾರು ಸೆಕೆಂಡು ತೆಗೆದುಕೊಳ್ಳುತ್ತದೆ, ಮೆಮೊರಿ ಕಾರ್ಡಿಗೆ ಏನನ್ನೋ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಕಾರ್ಡು ಕೆಡುತ್ತದೆ, ಆಮೇಲೆ ಅದನ್ನು ಸರಿಪಡಿಸಲು ನೀವೇ ಬೇಕಾಗುತ್ತದೆ. ಡಿಎಫ್‌ಪ್ಲೇಯರ್ ಮಿನಿ ಎಂಬ, ಮೆಮೊರಿ ಕಾರ್ಡಿನ ಹಾಡು ನುಡಿಸುವ ಪುಟ್ಟ ಮಾಡ್ಯೂಲ್ ಈ ಕೆಲಸಕ್ಕೆ ಸಾಕು. ಅದಕ್ಕೆ 32 ಜಿಬಿವರೆಗಿನ ಮೈಕ್ರೋ ಎಸ್‌ಡಿ ಕಾರ್ಡ್ ಹಾಕಬಹುದು, 3 ವ್ಯಾಟ್‌ವರೆಗಿನ ಆಂಪ್ಲಿಫೈಯರ್ ಅದರೊಳಗೇ ಇದೆ, ಎಂಪಿ3 ಕಡತಗಳನ್ನು ಓದುತ್ತದೆಯೇ ಹೊರತು ಕಾರ್ಡಿಗೆ ಏನನ್ನೂ ಬರೆಯುವುದಿಲ್ಲ. ಹಾಗಾಗಿ ಯಾವ ಕ್ಷಣದಲ್ಲಿ ಕರೆಂಟು ಹೋದರೂ ಹಾಡುಗಳಿಗೆ ಅಪಾಯವಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಎರಡೂ ಕಡೆ ಸಿಗುತ್ತದೆ, ಬೆಲೆಯೂ ಕಡಿಮೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಈ ಮಾಡ್ಯೂಲಿಗೆ ಗುಂಡಿಯನ್ನು ನೇರವಾಗಿ ಜೋಡಿಸುವ ಸುಲಭದ ದಾರಿಯೊಂದಿದೆ, ನೀವು ಅದನ್ನು ಹಿಡಿಯಬೇಡಿ. ಆ ಜೋಡಣೆಯಲ್ಲಿ ಗುಂಡಿಯನ್ನು ಚಿಕ್ಕದಾಗಿ ಒತ್ತಿದರೆ ಮುಂದಿನ ಹಾಡು ಬರುತ್ತದೆ, ಒತ್ತಿ ಹಿಡಿದರೆ ಸದ್ದು ಏರುತ್ತ ಹೋಗುತ್ತದೆ. ಮುಷ್ಟಿ ಇಟ್ಟವರು ಕೂಡಲೇ ಎತ್ತಲಾರದಿದ್ದರೆ ಅರೆ ನಿಮಿಷದಲ್ಲಿ ಪೆಟ್ಟಿಗೆ ಕಿವಿಗಡಚಿಕ್ಕುತ್ತದೆ, ಅವರು ಬೆಚ್ಚುತ್ತಾರೆ, ಬೆಚ್ಚಿದ ಕೈ ಇನ್ನೂ ಬಿಗಿಯಾಗುತ್ತದೆ. ಆದ್ದರಿಂದ ಗುಂಡಿಗೂ ಪ್ಲೇಯರಿಗೂ ನಡುವೆ ಆರ್ಡುಯಿನೋ ನ್ಯಾನೋ ಎಂಬ, ಪ್ರೋಗ್ರಾಮ್ ತುಂಬಬಹುದಾದ ಪುಟ್ಟ ನಿಯಂತ್ರಕ ಬೋರ್ಡ್ ಒಂದನ್ನು ಇಡಿ. ಅದು ಸೀರಿಯಲ್ ತಂತಿಯ ಮೂಲಕ 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದಲ್ಲಿ ಪ್ಲೇಯರಿಗೆ ಅಪ್ಪಣೆ ಕೊಡುತ್ತದೆ. ಆ ತಂತಿಯಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಸೇರಿಸಿದರೆ ಸ್ಪೀಕರಿನ ಗುಂಯ್‌ಗುಡುವಿಕೆ ಕಡಿಮೆಯಾಗುತ್ತದೆ. ಪ್ರೋಗ್ರಾಮಿಗೆ ಮೂರು ಮಾತು ಹೇಳಿಕೊಡಿ: ಬಿಡುವವರೆಗೆ ಕಾಯದೆ ಒತ್ತಿದ ಕ್ಷಣಕ್ಕೇ ಕೆಲಸ ಮಾಡು; ಎಷ್ಟು ಹೊತ್ತು ಒತ್ತಿ ಹಿಡಿದರೂ ಒಂದೇ ಒತ್ತೆಂದು ಎಣಿಸು; ಒಂದು ಒತ್ತನ್ನು ಒಪ್ಪಿಕೊಂಡ ಮೇಲೆ ಎರಡು ಸೆಕೆಂಡು ಬೇರೆ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ಕೊನೆಯದು ಅನೈಚ್ಛಿಕವಾಗಿ ಅದುರುವ ಕೈಗೆ ಬೇಕೇ ಬೇಕು. ಅದಿಲ್ಲದಿದ್ದರೆ ಒಂದು ಪ್ರಯತ್ನಕ್ಕೆ ಐದು ಹಾಡುಗಳು ಹಾರಿಹೋಗಿ, ತನ್ನ ಒತ್ತಿಗೂ ಬಂದ ಹಾಡಿಗೂ ಇರುವ ಸಂಬಂಧವೇ ಅವರಿಗೆ ತಿಳಿಯದೆ ಹೋಗುತ್ತದೆ. ಎರಡು ಸೆಕೆಂಡು ಎಂಬುದು ಆರಂಭದ ಅಂದಾಜು, ಅವರ ಕೈ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಹಾಡು ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಒಂದೇ ಗುಂಡಿಯಲ್ಲಿ ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಬಂದ್ ಎಂದು ಮಾಡುವುದು ವಾಡಿಕೆ. ಆದರೆ ಆಗ ಅರ್ಧದಷ್ಟು ಒತ್ತುಗಳಿಗೆ ಮೌನವೇ ಉತ್ತರವಾಗುತ್ತದೆ, ನಮ್ಮ ಮೊದಲ ನಿಯಮ ಮುರಿಯುತ್ತದೆ. ಹಾಗೆಂದು ಹಾಡುಗಳು ಒಂದರ ಹಿಂದೊಂದು ಕೊನೆಯಿಲ್ಲದೆ ಬರುವಂತೆ ಮಾಡಿದರೆ, ಮಾತು ಬಾರದ ವ್ಯಕ್ತಿಗೆ ಸಾಕೆನಿಸಿದಾಗ ಸಾಕೆನ್ನುವ ದಾರಿಯೇ ಉಳಿಯುವುದಿಲ್ಲ, ಬೇಸತ್ತು ಕುಟ್ಟುವುದೊಂದೇ ಉಳಿಯುತ್ತದೆ. ನಾನು ಒಪ್ಪುವ ವ್ಯವಸ್ಥೆ ಎಂದರೆ ಒಂದು ಒತ್ತಿಗೆ ಒಂದು ಹಾಡು. ಹಾಡು ಮುಗಿದಾಗ ಪೆಟ್ಟಿಗೆ ತಾನೇ ಸುಮ್ಮನಾಗುತ್ತದೆ. ಮತ್ತೆ ಬೇಕಾದರೆ ಒತ್ತಬೇಕು, ಬೇಡವಾದರೆ ಸುಮ್ಮನಿದ್ದರಾಯಿತು. ಹಾಡಿನ ನಡುವೆ ಒತ್ತಿದರೆ ಮುಂದಿನ ಹಾಡು. ತಾಯಿಯವರು ಅಡುಗೆಮನೆಯಿಂದಲೇ ಕೇಳಿ, ಮಗ ಇವತ್ತು ಹಾಡು ಬಯಸುತ್ತಿದ್ದಾನೋ ಇಲ್ಲವೋ ಎಂದು ತಿಳಿಯಲೂ ಇದರಿಂದ ಸಾಧ್ಯ. ಮೊದಮೊದಲು ಒಂದು ಹಾಡಿಗೊಮ್ಮೆ ಒತ್ತುವುದು ಆಯಾಸವೆನಿಸಿದರೆ ಮೂರು ಹಾಡುಗಳ ಗುಚ್ಛ ಮಾಡಬಹುದು.

ಹಾಡುಗಳ ಆಯ್ಕೆಯಲ್ಲಿ ಧಾರಾಳತನ ಬೇಡ. 128 ಕೆಬಿಪಿಎಸ್‌ನ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ ಜಾಗ ತಿನ್ನುತ್ತದೆ, ಹಾಗಾಗಿ 32 ಜಿಬಿ ಕಾರ್ಡಿನಲ್ಲಿ ಐದು ನಿಮಿಷದ ಆರು ಸಾವಿರ ಹಾಡು ಹಿಡಿಸುತ್ತವೆ. ಹಿಡಿಸುತ್ತದೆಂದು ತುಂಬಿದರೆ, ಇಷ್ಟದ ಹಾಡು ಮತ್ತೆ ಬರಲು ತಿಂಗಳುಗಳೇ ಬೇಕು. ಅವರು ಮುಖ ಅರಳಿಸುವ ನಲವತ್ತೈವತ್ತು ಹಾಡುಗಳನ್ನು ಮಾತ್ರ, ಪ್ರತಿದಿನ ಅದೇ ಕ್ರಮದಲ್ಲಿ ಬರುವಂತೆ ಹಾಕಿ. ಮುಂದೆ ಯಾವುದು ಬರುತ್ತದೆಂದು ಗೊತ್ತಿರುವುದೇ ಅನೇಕರಿಗೆ ಅರ್ಧ ಸಂತೋಷ. ಕಾರ್ಡಿಗೆ ಹಾಕುವ ಮುನ್ನ ಪ್ರತಿ ಹಾಡಿನ ತಲೆಭಾಗವನ್ನು ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತೆರೆದು ನೋಡಿ. ಹಳೆಯ ಧ್ವನಿಮುದ್ರಣಗಳಲ್ಲಿ ಮೊದಲ ಎರಡು ಮೂರು ಸೆಕೆಂಡು ಏನೂ ಇರುವುದಿಲ್ಲ, ದಾಸರ ಪದಗಳಲ್ಲಿ ತಂಬೂರಿಯ ಶ್ರುತಿ ಮೆಲ್ಲಗೆ ಏರಿಕೊಂಡು ಬರುತ್ತದೆ. ನಮಗೆ ಅದು ಹಿತ, ಆದರೆ ಒತ್ತಿ ಕಾಯುತ್ತಿರುವವರಿಗೆ ಅದೂ ಮೌನವೇ. ಆ ಭಾಗವನ್ನು ಕತ್ತರಿಸಿ ಸದ್ದು ಥಟ್ಟನೆ ಶುರುವಾಗುವಂತೆ ಮಾಡಿ. ರಸಿಕರು ಮುನಿಸಿಕೊಂಡಾರು, ಪರವಾಗಿಲ್ಲ. ಹಾಗೆಯೇ ಎಲ್ಲ ಹಾಡುಗಳ ಸದ್ದಿನ ಮಟ್ಟವನ್ನು ಎಂಪಿ3ಗೇನ್‌ನಂಥ ತಂತ್ರಾಂಶದಿಂದ ಸಮಗೊಳಿಸಿ, ಏಕೆಂದರೆ ಪೆಟ್ಟಿಗೆಯ ಹೊರಗೆ ವಾಲ್ಯೂಮ್ ಗುಂಡಿಯೇ ಇರುವುದಿಲ್ಲ. ಪ್ಲೇಯರಿನ ಸದ್ದಿಗೆ 0ಯಿಂದ 30ರವರೆಗೆ ಮಟ್ಟಗಳಿವೆ, ನಿಮಗೆ ಸರಿಯೆನಿಸಿದ ಒಂದನ್ನು ಪ್ರೋಗ್ರಾಮಿನಲ್ಲೇ ಬರೆದುಬಿಡಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆಯಾದರೆ 80 ಡೆಸಿಬೆಲ್. ದಿನವಿಡೀ ಹಾಡು ಕೇಳುವವರಿಗೆ ಅದಕ್ಕಿಂತ ಕೆಳಗಿರಲಿ. ಅವರ ಕಿವಿ ಇರುವ ಜಾಗದಲ್ಲಿ ಮೊಬೈಲಿನ ಡೆಸಿಬೆಲ್ ಆ್ಯಪ್ ಹಿಡಿದು ಸ್ಥೂಲವಾಗಿ ನೋಡಿಕೊಳ್ಳಬಹುದು.

ಇನ್ನು ನೀವು ಮುಖ್ಯವಾಗಿ ಕೇಳಿದ ಬಾಳಿಕೆ. ಮುಷ್ಟಿಯಿಂದ ಒತ್ತುವವರಿಗೆ ವಿಡಿಯೋ ಗೇಮ್ ಯಂತ್ರಗಳ 60 ಅಥವಾ 100 ಮಿ.ಮೀ. ಅಗಲದ ಗುಂಡಿಗಳನ್ನು ಹಾಕುವುದುಂಟು. ಸಾಧಾರಣ ಬಲಕ್ಕೆ ಅವು ಚೆನ್ನಾಗಿಯೇ ಇವೆ, ಆದರೆ ತೋಳಿನ ಪೂರ್ತಿ ಏಟು ಬಿದ್ದರೆ ಅವುಗಳ ಪ್ಲಾಸ್ಟಿಕ್ ಕುತ್ತಿಗೆ ಸೀಳುತ್ತದೆ. ನಿಮ್ಮ ತಮ್ಮನಿಗೆ ಪೆಟ್ಟಿಗೆಯ ಇಡೀ ಮೇಲ್ಭಾಗವೇ ಗುಂಡಿಯಾಗಲಿ. 12 ಮಿ.ಮೀ. ಮರೈನ್ ಪ್ಲೈವುಡ್‌ನಿಂದ ಪೆಟ್ಟಿಗೆ ಮಾಡಿಸಿ, ಅದರ ಮೇಲಿನ ಹಲಗೆಯನ್ನು ಹಿಂಬದಿಯಲ್ಲಿ ಕೀಲು ಹಾಕಿ ಕೂರಿಸಿ. ಹಲಗೆ ಮುಂಬದಿಯಲ್ಲಿ 3 ಮಿ.ಮೀ. ಮಾತ್ರ ಕೆಳಗಿಳಿಯಬೇಕು. ಮೊದಲ ಒಂದೂವರೆ ಮಿ.ಮೀ. ಇಳಿಯುವಷ್ಟರಲ್ಲಿ ಉದ್ದ ಸನ್ನೆಯ ಮೈಕ್ರೋಸ್ವಿಚ್ (ಮೆಲ್ಲನೆಯ ಒತ್ತಿಗೂ ಕೆಲಸ ಮಾಡುವ ಪುಟ್ಟ ಸ್ವಿಚ್) ಒಂದು ಟಿಕ್ ಎನ್ನಬೇಕು, ಉಳಿದ ದೂರ ಇಳಿದ ಮೇಲೆ ಹಲಗೆ ನಾಲ್ಕು ಮೂಲೆಯ ಮರದ ತುಂಡುಗಳ ಮೇಲೆ ಕೂತುಬಿಡಬೇಕು. ಆ ತುಂಡುಗಳ ಮೇಲೆ ದಪ್ಪ ರಬ್ಬರ್ ಹಾಳೆ ಅಂಟಿಸಿ. ಹೀಗೆ ಮಾಡಿದಾಗ ಏಟಿನ ಭಾರವೆಲ್ಲ ಪೆಟ್ಟಿಗೆಯ ಗೋಡೆಗೆ ಹೋಗುತ್ತದೆ, ಸ್ವಿಚ್ಚಿಗೆ ತಗಲುವುದು ಮೆಲ್ಲನೆಯ ಒತ್ತಿನ ಬಲ ಮಾತ್ರ. ಇಡೀ ವಿನ್ಯಾಸದಲ್ಲಿ ಬಡಗಿಯವರಿಗೆ ಹತ್ತಿರ ಕುಳಿತು ವಿವರಿಸಬೇಕಾದ ಭಾಗವೆಂದರೆ ಇದೊಂದೇ. ಸಂದು ಎಲ್ಲಿಯೂ 4 ಮಿ.ಮೀ. ಮೀರದಿರಲಿ, ಬೆರಳು ಸಿಕ್ಕಿಕೊಳ್ಳುವುದು ಅಲ್ಲೇ. ಅಂಚುಗಳನ್ನು ಗುಂಡಗೆ ತಿಕ್ಕಿಸಿ.

ಬಣ್ಣದ ವಿಷಯದಲ್ಲಿ ಎರಡು ಮಾತು. ಸೆರೆಬ್ರಲ್ ಪಾಲ್ಸಿ ಇರುವ ಹಲವರಿಗೆ ದೃಷ್ಟಿಯ ತೊಂದರೆಯೂ ಇರುವುದರಿಂದ, ಕಪ್ಪು ಅಥವಾ ಕಡುನೀಲಿ ಪೆಟ್ಟಿಗೆಯ ಮೇಲೆ ಹಳದಿ ಹಲಗೆಯಂಥ ಎದ್ದು ಕಾಣುವ ಜೋಡಿ ಒಳ್ಳೆಯದು. ಪೆಟ್ಟಿಗೆ ಬಾಯಿಗೆ ತಾಗುವ ಸಂಭವವಿದ್ದರೆ ಸಾಮಾನ್ಯ ಎನಾಮಲ್ ಪೇಂಟ್ ಬೇಡ. ಚನ್ನಪಟ್ಟಣದ ಆಟಿಕೆಗಳಿಗೆ ಹಚ್ಚುವ ಅರಗಿನ ಬಣ್ಣ ಈ ದೃಷ್ಟಿಯಿಂದ ನಂಬಿಕೆಯದು, ಆದರೆ ಅದನ್ನು ತಿರುಗುವ ಚರಕಿಯ ಮೇಲೆ ಹಚ್ಚುವುದರಿಂದ ಚಪ್ಪಟೆ ಹಲಗೆಗೆ ಒಗ್ಗುವುದಿಲ್ಲ. ಆಟಿಕೆಗೆ ಸುರಕ್ಷಿತ ಎಂದು ಡಬ್ಬಿಯ ಮೇಲೆ ನಮೂದಿಸಿರುವ ನೀರಿನ ಆಧಾರದ ಬಣ್ಣ ಕೇಳಿ ಕೊಳ್ಳಿ. ಒತ್ತಿದ್ದಕ್ಕೆ ಗುರುತಾಗಿ ಎಲ್‌ಇಡಿ ಹಾಕುವುದಾದರೆ ಅದು ಸ್ಥಿರವಾಗಿ ಬೆಳಗಲಿ, ಮಿಣುಕಬಾರದು. ಇಂಥವರಲ್ಲಿ ಮೂರ್ಛೆರೋಗ ಅಪರೂಪವಲ್ಲ, ವೇಗವಾಗಿ ಮಿನುಗುವ ಬೆಳಕು ಕೆಲವರಲ್ಲಿ ಅದನ್ನು ಕೆರಳಿಸುತ್ತದೆ.

ಸ್ಪೀಕರು 3 ಅಂಗುಲದ್ದು, 4 ಓಮ್‌ನದ್ದು ಇರಲಿ. ಅದನ್ನು ಮೇಲ್ಮುಖವಾಗಿ ಕೂರಿಸಿದರೆ ಜೊಲ್ಲು, ನೀರು, ಅನ್ನದ ಅಗುಳು ಎಲ್ಲ ಅದರೊಳಗೇ ಸೇರುತ್ತವೆ. ಮುಂಬದಿಯ ಗೋಡೆಯಲ್ಲಿ 3 ಮಿ.ಮೀ. ತೂತುಗಳನ್ನು ಕೊರೆಸಿ, ಒಳಗಿನಿಂದ ಸ್ಟೀಲ್ ಜಾಲರಿ ಹಾಕಿ, ಅದರ ಹಿಂದೆ ಪ್ಲಾಸ್ಟಿಕ್ ಕೋನಿನ ಸ್ಪೀಕರ್ ಬಿಗಿಯಿರಿ. ಕಾಗದದ ಕೋನು ತೇವಕ್ಕೆ ಮೆತ್ತಗಾಗುತ್ತದೆ. ಮರದ ಪೆಟ್ಟಿಗೆಯಿಂದ ಇನ್ನೊಂದು ಲಾಭವಿದೆ. ಅದರ ಮೇಲೆ ತೋಳು ಇಟ್ಟುಕೊಂಡಾಗ ತಬಲಾ, ಮೃದಂಗಗಳ ಕಂಪನ ಮೈಗೇ ತಿಳಿಯುತ್ತದೆ, ಕೆಲವರು ಅದಕ್ಕಾಗಿಯೇ ಪೆಟ್ಟಿಗೆಯನ್ನು ಬಿಟ್ಟು ಏಳುವುದಿಲ್ಲ.

ಒಳಗಿನ ಜೋಡಣೆಯಲ್ಲಿ ಪ್ರಯೋಗಕ್ಕೆ ಬಳಸುವ ಜಂಪರ್ ವೈರುಗಳನ್ನು ಉಳಿಸಬೇಡಿ, ಏಟಿನ ಅದುರಿಗೆ ಮೊದಲು ಕಳಚುವುದು ಅವೇ. ಎಳೆಎಳೆಯಾದ ಮೆತ್ತನೆಯ ತಂತಿ ಹಾಕಿ ಬೆಸೆದು, ಬೆಸುಗೆಯ ಬುಡವನ್ನೂ ಮೆಮೊರಿ ಕಾರ್ಡಿನ ಅಂಚನ್ನೂ ಸಿಲಿಕಾನ್ ಅಂಟಿನಿಂದ ಹಿಡಿಸಿ. ಆ ಅಂಟು ಬೇಕೆಂದಾಗ ಕಿತ್ತು ಬರುತ್ತದೆ. ನಟ್ಟುಗಳು ನೈಲಾನ್ ಬಳೆಯಿರುವವು ಆಗಲಿ, ಅದುರಿದರೂ ಸಡಿಲವಾಗುವುದಿಲ್ಲ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಮೊಬೈಲು ಮತ್ತು ಪವರ್ ಬ್ಯಾಂಕುಗಳ ಸಾಮಾನ್ಯ ಲಿಥಿಯಂ ಅಯಾನ್ ಬ್ಯಾಟರಿ ಜಜ್ಜಿದರೆ ಅಥವಾ ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಲ್ಲದು. ಪವರ್ ಬ್ಯಾಂಕಿಗೆ ಇನ್ನೊಂದು ಕೊರತೆಯೂ ಇದೆ: ಎಳೆಯುವ ವಿದ್ಯುತ್ ತೀರ ಕಡಿಮೆಯಾದರೆ ಯಾರೂ ಬಳಸುತ್ತಿಲ್ಲವೆಂದು ತಾನೇ ಆರಿಬಿಡುವ ಪವರ್ ಬ್ಯಾಂಕುಗಳೇ ಹೆಚ್ಚು, ಆಮೇಲೆ ಎಷ್ಟು ಒತ್ತಿದರೂ ಹಾಡು ಬರುವುದಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದಕ್ಕಿಂತ ಬಹಳ ಸಾಧು. ಸೋಲಾರ್ ದೀಪಗಳಲ್ಲಿ ಬರುವ, 3.2 ವೋಲ್ಟ್, 6000 ಎಂಎಎಚ್‌ನ ದಪ್ಪ ಸೆಲ್ ಇದೇ ಜಾತಿಯದು. ಅದಕ್ಕೆ ರಕ್ಷಣಾ ಸರ್ಕ್ಯೂಟ್, ಫ್ಯೂಸ್ ಮತ್ತು 5 ವೋಲ್ಟಿಗೆ ಏರಿಸುವ ಬೂಸ್ಟ್ ಮಾಡ್ಯೂಲ್ ಬೇಕು. ಚಾರ್ಜರ್ ಕೂಡ ಈ ಜಾತಿಗೇ ಮಾಡಿದ್ದಾಗಿರಬೇಕು, ಇದು 3.65 ವೋಲ್ಟಿಗೆ ತುಂಬುವ ಸೆಲ್, ಎಲ್ಲೆಡೆ ಸಿಗುವ ಟಿಪಿ4056 ಎಂಬ ಚಾರ್ಜರ್ ಮಾಡ್ಯೂಲ್ 4.2 ವೋಲ್ಟಿನವರೆಗೆ ತುಂಬಿಸುವುದರಿಂದ ಇದಕ್ಕೆ ಒಗ್ಗುವುದಿಲ್ಲ. ಸೆಲ್ಲನ್ನು ಪೆಟ್ಟಿಗೆಯೊಳಗೆ ಇನ್ನೊಂದು ಗಟ್ಟಿ ಡಬ್ಬಿಯಲ್ಲಿ ಇಡಿ. ಬಟನ್ ಸೆಲ್ ಆಗಲಿ, ಬಿಡಿ ಅಯಸ್ಕಾಂತವಾಗಲಿ ಈ ಪೆಟ್ಟಿಗೆಯ ಹತ್ತಿರಕ್ಕೂ ಬರಕೂಡದು. ನುಂಗಿದ ಲಿಥಿಯಂ ಬಟನ್ ಸೆಲ್ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು.

ಆನ್-ಆಫ್ ಸ್ವಿಚ್ ಹೊರಗೆ ಬೇಡ, ಪೆಟ್ಟಿಗೆ ಸದಾ ಎಚ್ಚರವಾಗಿರಲಿ. ಹಾಡಿಲ್ಲದಾಗ ಪ್ಲೇಯರ್ ಸುಮಾರು 20 ಮಿಲಿಆಂಪ್ ಎಳೆಯುತ್ತಿರುತ್ತದೆ, ಆರ್ಡುಯಿನೋ ಹೆಚ್ಚುಕಡಿಮೆ ಇನ್ನಷ್ಟೇ. ಅದನ್ನು ಪೂರ್ತಿ ಮಲಗಿಸಿ ಉಳಿತಾಯ ಮಾಡುವ ಉಪಾಯಗಳಿವೆ, ಆದರೆ ಮಲಗಿದ್ದು ಏಳಲು ಒಂದೆರಡು ಸೆಕೆಂಡು ಬೇಕು. ಆ ಸೆಕೆಂಡುಗಳನ್ನು ಉಳಿಸಿಕೊಳ್ಳಲೆಂದೇ ಇಷ್ಟೆಲ್ಲ ಮಾಡುತ್ತಿರುವುದರಿಂದ ದಿನಾ ರಾತ್ರಿ ಚಾರ್ಜ್ ಮಾಡುವುದೇ ಮೇಲು. ಚಾರ್ಜಿಂಗ್‌ಗೆ ಮೊಬೈಲಿನ ಸಣ್ಣ ಬಾಯಿ ಇಡಬೇಡಿ, ತಾಯಿಯವರು ಕತ್ತಲಲ್ಲಿ ತಡವಿದರೂ ಸೇರುವ ದುಂಡನೆಯ ಡಿಸಿ ಜ್ಯಾಕ್ ಅನ್ನು ಹಿಂಬದಿಯ ಗೋಡೆಯಲ್ಲಿ ಒಳಸರಿಸಿ ಕೂರಿಸಿ. ಚಾರ್ಜಾಗುತ್ತಿರುವಾಗ ತಂತಿ ಅವರ ಕೈಗೆ ಸಿಗದ ಜಾಗದಲ್ಲಿರಲಿ.

ಮೊದಲ ಪೆಟ್ಟಿಗೆ ಬಂದ ಕೂಡಲೇ ಅದರೊಳಗೆ ಯಂತ್ರ ಜೋಡಿಸಬೇಡಿ. ಅಷ್ಟೇ ತೂಕದ ಮರಳಿನ ಚೀಲ ಒಳಗಿಟ್ಟು ಒಂದು ಮೀಟರ್ ಎತ್ತರದಿಂದ ಕಲ್ಲಿನ ನೆಲಕ್ಕೆ ಪ್ರತಿ ಮೂಲೆಯ ಮೇಲೂ ಬೀಳಿಸಿ ನೋಡಿ, ಬಿಟ್ಟುಕೊಂಡ ಕಡೆ ಗಟ್ಟಿಮಾಡಿಸಿ, ಮೂಲೆಗಳಿಗೆ ಕುರ್ಚಿ ಕಾಲಿನ ರಬ್ಬರು ಹೊಡೆಸಿ. ಬಳಸುವಾಗ ಪೆಟ್ಟಿಗೆಯನ್ನು ಗಾಲಿಕುರ್ಚಿಯ ತಟ್ಟೆಗೆ ಅಡಿಯಿಂದ ಎರಡು ಬೋಲ್ಟು, ಕಿವಿನಟ್ಟು ಹಾಕಿ ಬಿಗಿಯುವುದು ಒಳ್ಳೆಯದು. ಎಸೆಯದಂತೆ ತಡೆಯುವುದಷ್ಟೇ ಇದರ ಉದ್ದೇಶವಲ್ಲ, ಒತ್ತಲು ಹೋದಾಗ ಜರುಗುವ ವಸ್ತುವನ್ನು ಹತೋಟಿಯಿಲ್ಲದ ಕೈ ಅಟ್ಟಿಸಿಕೊಂಡು ಹೋಗಲಾರದು.

ಎಲ್ಲ ಸೇರಿ ಬಿಡಿಭಾಗಗಳಿಗೆ ಎರಡು ಸಾವಿರ ರೂಪಾಯಿಯ ಆಸುಪಾಸು, ಬಡಗಿಯ ಕೂಲಿ ಬೇರೆ. ಸಾಧ್ಯವಾದರೆ ಒಟ್ಟಿಗೇ ಎರಡು ಪೆಟ್ಟಿಗೆ ಮಾಡಿಸಿ, ಒಂದು ರಿಪೇರಿಯಲ್ಲಿರುವಾಗ ತಮ್ಮನಿಗೆ ಅದೇ ಬಣ್ಣದ, ಅದೇ ಹಾಡುಗಳ ಇನ್ನೊಂದು ಕೈಯಲ್ಲಿರುತ್ತದೆ. ಸಂಗೀತಕ್ಕೆ ಇಷ್ಟು ಖರ್ಚೇ ಎಂದು ಬಂಧುಗಳು ಕೇಳಿದರೆ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 29ನೇ ಕಲಂ ಸಂಸ್ಕೃತಿ ಮತ್ತು ಮನರಂಜನೆಯ ಬಗ್ಗೆಯೇ ಇದೆ ಎಂದು ಹೇಳಬಹುದು. ಪೆಟ್ಟಿಗೆಯ ತಳದ ಒಳಮೈಗೆ ಒಂದು ಹಾಳೆ ಅಂಟಿಸಿ, ಅದರಲ್ಲಿ ಸ್ವಿಚ್ಚಿನ ಮಾದರಿ, ಸೆಲ್ಲಿನ ಜಾತಿ, ಚಾರ್ಜರಿನ ವೋಲ್ಟೇಜು, ತಂತಿಗಳ ನಕ್ಷೆ ಮತ್ತು ಕಡತಗಳಿಗೆ ಹೆಸರಿಡುವ ರೀತಿಯನ್ನು ಕನ್ನಡದಲ್ಲಿ ಬರೆದಿಡಿ. ಕಾರ್ಡಿನಲ್ಲಿ ಎಂಪಿ3 ಎಂಬ ಫೋಲ್ಡರ್ ಮಾಡಿ ಹಾಡುಗಳಿಗೆ 0001, 0002 ಎಂದು ನಾಲ್ಕಂಕಿಯ ಹೆಸರು ಕೊಡಬೇಕು, ಕಾರ್ಡನ್ನು ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿರಬೇಕು. ಇಷ್ಟು ಬರೆದಿದ್ದರೆ ನೀವು ಊರಲ್ಲಿಲ್ಲದಾಗಲೂ ಟಿವಿ ರಿಪೇರಿ ಬಲ್ಲ ಯಾರಾದರೂ ಅದನ್ನು ಬಿಚ್ಚಿ ಸರಿಮಾಡಬಲ್ಲರು.